ಮೂವತ್ತೆಂಟನೆಯ ಕಾಗದ

ಬೆಳಿಗ್ಗೆ ಒಂಬತ್ತೂಕಾಲಿಗೆ ಕಾಗದದ ಕೋಣೆಯ ಬೀಗ ತೆಗೆದು, ಕಿಟಕಿ ತೆರೆದು, ಕಂಪ್ಯೂಟರಿನ ಮೇಲೆ ಹೊದಿಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಟ್ಟು ಕೂತರೆ ಉಮಾಮಹೇಶ್ವರಿಯವರ ಬೆರಳು ಮೊದಲು ಹೋಗುವುದು ಶಿವನ ಹೆಸರಿಗೆ. ‘ಓಂ ನಮಃ ಶಿವಾಯ’ ಎಂದು ನೂರೆಂಟು ಸಲ ಟೈಪು ಮಾಡಿದ ಮೇಲೆಯೇ ಮಿಕ್ಕ ಕೆಲಸ. ಮೈ ಬೆಚ್ಚಗಿದ್ದ ದಿನವೂ ಅದನ್ನು ಬಿಟ್ಟವರಲ್ಲ. ಕರೆಂಟು ಹೋದ ದಿನ ಅದು ಬರುವ ತನಕ ಹಳೆಯ ಕಟ್ಟುಗಳ ಧೂಳು ಒರೆಸುತ್ತಾ ಇದ್ದು, ಬಂದ ಮೇಲೆ ಕೂತು ನೂರೆಂಟನ್ನೂ ಮುಗಿಸಿ ಏಳುತ್ತಾರೆ. ಕುಣಿಗಲ್ಲಿನ ತವರಿನಲ್ಲಿ ಅವರ ತಾಯಿ ನಾಮ ಬರೆಯುವುದಕ್ಕೆಂದೇ ಒಂದು ನೋಟ್‌ಬುಕ್ಕು ಇಟ್ಟಿದ್ದರು. ಮಗಳಿಗೆ ಬಂದದ್ದು ಆ ಅಭ್ಯಾಸ. ಪೆನ್ನು ಹೋಗಿ ಕೀಲಿಮಣೆ ಬಂದಿತ್ತು, ಅಷ್ಟೇ.

ಒಮ್ಮೆ, ಕಂಪ್ಯೂಟರ್ ನೋಡಿಕೊಂಡು ಹೋಗಲು ಬರುವ ಕಿರಣ್‌ಕುಮಾರ್ ಇದನ್ನು ನೋಡಿ, ಒಂದು ಸಲ ಟೈಪ್ ಮಾಡಿ ಮಿಕ್ಕ ನೂರ ಏಳನ್ನು ನಕಲು ಮಾಡಿ ಅಂಟಿಸುವ ದಾರಿ ಇದೆ ಎಂದು ತೋರಿಸಲು ಬಂದಿದ್ದ. ಉಮಾಮಹೇಶ್ವರಿ ನಕ್ಕು, ಹಾಗಾದರೆ ಜಪ ಮಾಡಿದ ಪುಣ್ಯ ಕಂಪ್ಯೂಟರಿಗೆ ಹೋಗುತ್ತದಲ್ಲ ಎಂದಿದ್ದರು. ಅವನು ಮತ್ತೆ ಆ ಮಾತು ಎತ್ತಲಿಲ್ಲ, ಆ ಸಾಲುಗಳು ಎಲ್ಲಿ ಉಳಿಯುತ್ತವೆ ಎಂದೂ ಕೇಳಲಿಲ್ಲ.

ತುಮಕೂರಿನ ಕುಣಿಗಲ್ ರಸ್ತೆಯಲ್ಲಿ ಒಂದು ಚಿಕ್ಕ ಮಠ, ಅದರ ಮಗ್ಗುಲಲ್ಲಿ ಓದುವ ಮಕ್ಕಳಿಗೆ ಊಟ ವಸತಿ ಕೊಡುವ ನಿಲಯ. ಅಲ್ಲಿಯ ಕಚೇರಿಯಲ್ಲಿ ಉಮಾಮಹೇಶ್ವರಿಯವರಿಗೆ ಕೆಲಸ. ಎಪ್ಪತ್ತು ವರ್ಷಗಳಿಂದ ಸುತ್ತಲ ಹಳ್ಳಿಗಳ ತಂದೆತಾಯಂದಿರು, ನಮ್ಮ ಮಗುವಿಗೊಂದು ಜಾಗ ಕೊಡಿ ಎಂದು ಮಠದ ಸ್ವಾಮಿಗಳಿಗೆ ಬರೆದ ಕಾಗದಗಳು ಅಲ್ಲಿವೆ. ಈ ಸೀಮೆಯಲ್ಲಿ ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಕರೆಯುವುದು. ಹಾಗಾಗಿ ಯಾವ ಕಾಗದ ತೆಗೆದರೂ ಮೊದಲ ಸಾಲಿನಲ್ಲಿ ಬುದ್ಧಿಯವರ ಪಾದವೇ. ಗೆದ್ದಲು ಹತ್ತುವುದಕ್ಕೆ ಮುಂಚೆ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಬಿಡಿ ಎಂದು ಕಾರ್ಯದರ್ಶಿ ಸೋಮಶೇಖರ್ ಒಂಬತ್ತು ವರ್ಷದ ಹಿಂದೆ ಹೇಳಿದಾಗ ಉಮಾಮಹೇಶ್ವರಿಗೆ ಟೈಪಿಂಗ್ ಬರುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರು, ಕಟ್ಟು ಕಟ್ಟುವುದು, ಹುಡುಕಿ ಕೊಡುವುದು ಗೊತ್ತಿತ್ತು. ಒಂದೊಂದು ಕೀಲಿಗೂ ಕನ್ನಡ ಅಕ್ಷರದ ಚೀಟಿ ಅಂಟಿಸಿಕೊಂಡು ತಾವೇ ಕಲಿತರು. ದಿನಕ್ಕೆ ಏಳೆಂಟು ಕಾಗದದಂತೆ ಹತ್ತೊಂಬತ್ತು ಸಾವಿರದ ಮೇಲಾಯಿತು.

ಅವರಿಗೆ ಆಗ ಕಂಪ್ಯೂಟರಿನಲ್ಲಿ ಗೊತ್ತಿದ್ದದ್ದು ಒಂದೇ ಜಾಗ: ಕಾಗದ ತುಂಬುವ ಬಿಳಿ ಚೌಕ. ಆದ್ದರಿಂದ ದಿನದ ಮೊದಲ ಕಾಗದಕ್ಕೆ ಚೌಕ ತೆರೆದು, ಅದರ ಕೆಳಭಾಗದಲ್ಲಿ ನೂರೆಂಟು ನಾಮ ಬರೆದು, ಆಮೇಲೆ ಮೇಲಕ್ಕೆ ಬಂದು ಕಾಗದವನ್ನು ಇಳಿಸುತ್ತಿದ್ದರು. ನಡುವೆ ಹತ್ತಿಪ್ಪತ್ತು ಸಾಲು ಖಾಲಿ ಬಿಡುತ್ತಿದ್ದರಿಂದ ಓದುವವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಇದರಿಂದ ಯಾರಿಗೇನು ತೊಂದರೆ ಎಂದುಕೊಂಡೇ ಒಂಬತ್ತು ವರ್ಷ ಕಳೆದಿತ್ತು.

ಕಿರಣ್‌ಕುಮಾರ್ ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ಅವನ ತಂದೆ ಇದೇ ನಿಲಯದಲ್ಲಿ ಉಂಡು ಓದಿದವರು. ಆ ಋಣಕ್ಕೆ ಹೋದ ವರ್ಷ ಅವನು ಈ ಕಾಗದಗಳಿಗೊಂದು ಹುಡುಕುವ ಯಂತ್ರ ಮಾಡಿಕೊಟ್ಟ. ಚೌಕದಲ್ಲಿ ನಾಲ್ಕು ಪದ ಹಾಕಿ ಒತ್ತಿದರೆ ಸಾಕು, ಹೊಂದುವ ಹತ್ತು ಕಾಗದ ಸಾಲಾಗಿ ಬಂದು ನಿಲ್ಲುತ್ತವೆ. ಒಂದೊಂದರ ಪಕ್ಕದಲ್ಲೂ ಒಂದು ಅಂಕಿ. ಉಮಾಮಹೇಶ್ವರಿ ಅದನ್ನು ಮಾರ್ಕ್ಸು ಎನ್ನುತ್ತಿದ್ದರು. ಯಂತ್ರ ಬಂದ ಮೇಲೆ ಅವರ ಕೆಲಸ ಹಗುರವಾಯಿತು. ಮೊದಲಾದರೆ ಯಾರೇ ಕಾಗದ ಹುಡುಕಿಕೊಂಡು ಬಂದರೂ ಕೂರಿಸಿ, ನೀರು ಕೊಟ್ಟು, ಅವರ ಊರು ಕೇರಿ ಕಷ್ಟ ಎಲ್ಲ ಕೇಳಿ, ಆಮೇಲೆ ಕಟ್ಟಿಗೆ ಕೈ ಹಾಕುತ್ತಿದ್ದರು. ಈಗ ಹೆಸರು, ಊರು, ವರ್ಷ ಕೇಳಿದರೆ ಮುಗಿಯಿತು. ಹತ್ತರಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಗಡಿಯ ತಕ್ಕಡಿಯನ್ನು ನಂಬುವ ಹಾಗೆ ಅದನ್ನು ನಂಬಿದ್ದರು. ಬರಿಗೈಯಲ್ಲಿ ಹೋದವರ ಹೆಸರು, ಫೋನ್ ನಂಬರನ್ನು ಮಾತ್ರ ಮೇಜಿನ ಮೇಲಿದ್ದ ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡು, ಸಂಜೆ ದೀಪ ಹಚ್ಚುವಾಗ ಅವರನ್ನು ನೆನೆಸಿಕೊಳ್ಳುತ್ತಿದ್ದರು.

ಆ ಹಾಳೆಯ ಹನ್ನೊಂದನೆಯ ಹೆಸರು ಕದರಮ್ಮನದು.

ಕದರಮ್ಮನಿಗೆ ಅರವತ್ತೊಂದು. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನ ಹಾಗಲವಾಡಿಯ ಮಗ್ಗುಲಿನ ಒಂದು ಪಾಳ್ಯದಲ್ಲಿ. ಈಗ ಬಿದರೆಹಳ್ಳಿ ಕಾವಲ್ ಹತ್ತಿರ, ಕಾರ್ಖಾನೆ ಕೆಲಸದವರಿಗೆ ಮುದ್ದೆ ಊಟ ಹಾಕುವ ಮೆಸ್ಸು ನಡೆಸುತ್ತಾರೆ. ದಿನಕ್ಕೆ ಎಂಬತ್ತು ಮಂದಿ ಅವರ ಕೈರುಚಿ ಉಣ್ಣುತ್ತಾರೆ, ಮಾತಿಗೇನೂ ಕಡಿಮೆಯಿಲ್ಲ, ಬದುಕಿನ ಮೇಲೆ ದೂರೂ ಇಲ್ಲ. ಒಂದೇ ಒಂದು ಮುಳ್ಳು ಒಳಗೆ ಉಳಿದಿತ್ತು. ತಮ್ಮ ಮುತ್ತುರಾಜನನ್ನು ತಾಯಿ ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಈ ನಿಲಯಕ್ಕೆ ಕಳಿಸಿ ಓದಿಸಿದರು. ಅವನು ಲೈನ್‌ಮನ್ ಆಗಿ ನಿವೃತ್ತನಾಗಿ ಗುಬ್ಬಿಯಲ್ಲಿ ಮನೆ ಕಟ್ಟಿಸಿಕೊಂಡಿದ್ದಾನೆ. ಹತ್ತು ವರ್ಷದ ಅಕ್ಕ ಅದೇ ದಿನ ಕುರಿ ಹೊಡೆದುಕೊಂಡು ಹೋದಳು.

ಈಚೆಗೆ ಒಂದು ನಾಮಕರಣದ ಊಟದಲ್ಲಿ ಕದರಮ್ಮ ನಾಲ್ಕು ಜನರ ಮುಂದೆ ತಮ್ಮನನ್ನು ಹಂಗಿಸಿದರಂತೆ: ನಿನ್ನನ್ನು ಅವ್ವ ಸಾಹೇಬನನ್ನಾಗಿ ಮಾಡಿದಳು, ನನ್ನ ಹೆಸರನ್ನು ಬಾಯಿಗೇ ತರಲಿಲ್ಲ ಎಂದು. ಆಗ ಮುತ್ತುರಾಜ್ ಎಲೆ ಮುಂದೆ ತಲೆ ಬಗ್ಗಿಸಿಕೊಂಡೇ ಹೇಳಿದನಂತೆ: ಅವ್ವ ನಿನಗೂ ಕೇಳಿದ್ದಳು, ಕಾಗದದಲ್ಲಿ ಬರೆಸಿದ್ದಳು, ಆಗ ಅಲ್ಲಿ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕದರಮ್ಮ ನಂಬಲಿಲ್ಲ. ಅವನಿಗೆ ಚಿಕ್ಕಂದಿನಿಂದಲೂ ಬೆಣ್ಣೆ ಸವರುವ ಚಾಳಿ. ಆದರೆ ಆ ರಾತ್ರಿಯಿಂದ ನಿದ್ದೆಯೂ ಸರಿಯಾಗಿ ಹತ್ತಲಿಲ್ಲ.

“ಕೇಳಿದ್ಲಾ, ಕೇಳ್ನಿಲ್ವಾ, ಅಷ್ಟ್ ನೋಡಿ ಹೇಳಿ ತಾಯಿ. ಇಲ್ಲ ಅಂದ್ರೂ ನಂಗೇನ್ ಬ್ಯಾಸರ ಇಲ್ಲ,” ಎಂದರು ಮೊದಲ ಸಲ ಬಂದಾಗ. ಬೇಸರವಿಲ್ಲ ಎನ್ನುವಾಗ ಅವರ ಕೈ ಸೆರಗಿನ ತುದಿಯನ್ನು ತಿರುಚುತ್ತಲೇ ಇತ್ತು.

ಉಮಾಮಹೇಶ್ವರಿ ಹೆಸರು, ಊರು ಕೇಳಿ, ಮುತ್ತುರಾಜ್, ಹಾಗಲವಾಡಿ, ತಾಯಿ ನಂಜಮ್ಮ, ಮಗಳು ಎಂದೆಲ್ಲ ಹಾಕಿದರು. ಹತ್ತು ಕಾಗದ ಬಂದವು. ಹತ್ತರಲ್ಲಿ ಆರು ಸಿ.ಎಸ್. ಪುರದ ಕಡೆಯ ಜಯರಾಮಯ್ಯ ಮೇಷ್ಟ್ರು ಬರೆದವು. ಆ ಪುಣ್ಯಾತ್ಮರು ತಾಲ್ಲೂಕಿನ ಅರ್ಧ ಮಕ್ಕಳಿಗೆ ಶಿಫಾರಸು ಬರೆದವರು, ಬರೆದರೆ ನಾಲ್ಕು ಪುಟಕ್ಕೆ ಕಡಿಮೆಯಿಲ್ಲ. ಅವರ ಕಾಗದದಲ್ಲಿ ಇಲ್ಲದ ಊರಿಲ್ಲ, ಇಲ್ಲದ ಹೆಸರಿಲ್ಲ. ಎಲ್ಲವನ್ನೂ ಓದಿ ಉಮಾಮಹೇಶ್ವರಿ ತಲೆಯಾಡಿಸಿದರು. ಕದರಮ್ಮ ನಕ್ಕು, ನನಗೆ ಗೊತ್ತಿತ್ತು ಎಂದು ಎದ್ದು ಹೋದರು. ಆ ನಗು ಉಮಾಮಹೇಶ್ವರಿಯವರ ಮನಸ್ಸಿನಲ್ಲಿ ಮೂರು ವಾರ ಉಳಿಯಿತು.

ಮೂರು ವಾರ ಕಳೆದ ಮೇಲೆ ಒಂದು ಗುರುವಾರ ಕದರಮ್ಮ ಮತ್ತೆ ಬಂದರು. ಮಂಡಿಪೇಟೆಗೆ ಪಾತ್ರೆ ಕೊಳ್ಳಲು ಬಂದವರು ಹಾಗೇ ಬಂದದ್ದಂತೆ. ಅಂದು ಕಷ್ಟಪಟ್ಟು ಹುಡುಕಿದಿರಲ್ಲ ಎಂದು ಒಂದು ಸ್ಟೀಲ್ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದರೆ ಹುಚ್ಚೆಳ್ಳಿನ ಚಟ್ನಿಪುಡಿ, ಕೋಣೆಯೆಲ್ಲ ಘಮ್ಮೆಂದಿತು. ಗುರುವಾರ ಕಿರಣ್‌ಕುಮಾರ್ ಯಂತ್ರ ನೋಡಿಕೊಂಡು ಹೋಗಲು ಬರುವ ದಿನ. ಅವನು ಮೂಲೆಯಲ್ಲಿ ಯಾವುದೋ ತಂತಿ ಬದಲಿಸುತ್ತಿದ್ದವನು ವಾಸನೆಗೆ ತಲೆಯೆತ್ತಿದ.

ಉಮಾಮಹೇಶ್ವರಿ ಈ ಸಲ ಕಂಪ್ಯೂಟರಿನ ಕಡೆ ತಿರುಗಲಿಲ್ಲ. ಕುರ್ಚಿ ಎಳೆದು ಕೂರಿಸಿ, ಒಂದು ಲೋಟ ನೀರು ಕೊಟ್ಟು, ತಮ್ಮ ಹಳೆಯ ಪದ್ಧತಿಯಂತೆ ಕೇಳಿದರು: “ಆವತ್ತಿನ ದಿನ ಏನೇನಾಯ್ತು ಅಂತ ಮೊದಲಿಂದ ಹೇಳಿ ಅಕ್ಕ. ನಂಗೇನ್ ಅವಸರ ಇಲ್ಲ.”

ಕದರಮ್ಮ ಹೇಳುತ್ತಾ ಹೋದರು. ಮುತ್ತ ಹೊರಡುವ ಹಿಂದಿನ ದಿನ ಅವ್ವ ಕೂಲಿಗೆ ಹೋಗಲಿಲ್ಲ. ಪಾಳ್ಯದ ಶಾಲೆಯ ಮೇಷ್ಟ್ರ ಮನೆಗೆ ಹೋಗಿ ಕಾಗದ ಬರೆಸಿಕೊಂಡು ಬಂದಳು. ಏನು ಬರೆಸಿದಳೋ ಹೇಳಲಿಲ್ಲ. ಅದಕ್ಕೂ ಮುಂಚೆ, ಬೆಳಿಗ್ಗೆಯೇ ಹುಚ್ಚೆಳ್ಳು ಹುರಿದಿದ್ದಳು. ಕುಟ್ಟಿದ್ದು ಕದರಮ್ಮ. ಕೈ ಬೊಬ್ಬೆ ಬಂತು. ಇಷ್ಟೊಂದು ಪುಡಿ ಇವನೊಬ್ಬನಿಗೆ ಯಾಕೆ ಎಂದು ಸಿಡುಕಿದ್ದಕ್ಕೆ ಅವ್ವ, ಮನೆ ಬಿಟ್ಟು ಬಂದ ಮಕ್ಕಳು ಅಲ್ಲಿ ಬೇಕಾದಷ್ಟು ಇರುತ್ತವೆ, ಎಲ್ಲರಿಗೂ ಹಾಕಲಿ ಎಂದಳಂತೆ. ಈ ಡಬ್ಬಿಯಲ್ಲಿದ್ದದ್ದು ಅದೇ ಪುಡಿ, ಅವ್ವನ ಅಳತೆಯದೇ.

“ಅಮ್ಮ, ಹೋದ ಸಲ ಏನೇನು ಪದ ಹಾಕಿದ್ರಿ?” ಎಂದು ಕಿರಣ್‌ಕುಮಾರ್ ಮೂಲೆಯಿಂದಲೇ ಕೇಳಿದ. ಹೇಳಿದರು. ಅವನು ತಂತಿ ಬಿಟ್ಟು ಎದ್ದು ಬಂದ.

ಆ ಪದಗಳು ಭಾರವಿಲ್ಲದವು ಎಂದು ಅವನು ವಿವರಿಸಿದ. ಯಂತ್ರ ಕಾಗದವನ್ನು ಓದಿ ತಿಳಿದುಕೊಳ್ಳುವುದಿಲ್ಲ, ತೂಗುತ್ತದೆ. ಬುದ್ಧಿ ಎಂಬ ಮಾತು ಎಲ್ಲ ಕಾಗದದಲ್ಲೂ ಇದೆ, ಆದ್ದರಿಂದ ಅದಕ್ಕೆ ಸಿಗುವ ತೂಕ ಹೆಚ್ಚುಕಡಿಮೆ ಸೊನ್ನೆ. ತಾಯಿ, ಮಗಳು ಸಾವಿರಾರು ಕಾಗದದಲ್ಲಿವೆ, ನಂಜಮ್ಮಂದಿರಿಗೂ ಲೆಕ್ಕವಿಲ್ಲ, ಅವಕ್ಕೆಲ್ಲ ಚೂರುಪಾರು. ಹತ್ತೊಂಬತ್ತು ಸಾವಿರದಲ್ಲಿ ಎಲ್ಲೋ ನಲವತ್ತರಲ್ಲಿ ಮಾತ್ರ ಇರುವ ಪದ ಸಿಕ್ಕರೆ ಅದೇ ಬಂಗಾರ. ಉಮಾಮಹೇಶ್ವರಿಗೆ ಕುಣಿಗಲ್ಲಿನ ತಮ್ಮ ಕೇರಿ ನೆನಪಾಯಿತು. ಅಲ್ಲಿ ಮೂವರು ಗಂಗಮ್ಮಂದಿರು. ಗಂಗಮ್ಮನ ಮನೆ ಯಾವುದು ಎಂದರೆ ಯಾರೂ ಹೇಳುತ್ತಿರಲಿಲ್ಲ, ಗಿಳಿ ಸಾಕಿದ ಗಂಗಮ್ಮ ಎಂದರೆ ಮಕ್ಕಳೂ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದವು.

ಒಂದೇ ಪದ ಕಾಗದದಲ್ಲಿ ಹಲವು ಸಲ ಬಂದರೂ ತೂಕ ಏರುತ್ತದೆ, ಆದರೆ ಸಲಸಲಕ್ಕೂ ಏರಿಕೆ ಕಮ್ಮಿಯಾಗುತ್ತದೆ ಎಂದ. ಅದು ಅವರಿಗೆ ಬೇಗ ಅರ್ಥವಾಯಿತು. ಎದುರಿಗೆ ಕೂತವರು ಒಂದೇ ಮಾತನ್ನು ಹತ್ತು ಸಲ ಹೇಳಿದರೆ ಕಿವಿ ಮೊದಲ ಎರಡು ಮೂರು ಸಲ ತಾನೆ ನಿಮಿರುವುದು. ಇನ್ನೊಂದು ಲೆಕ್ಕ ಕಾಗದದ ಉದ್ದದ್ದು. ಒಂದು ಚಮಚ ಸಕ್ಕರೆಯನ್ನು ಲೋಟದ ನೀರಿಗೆ ಹಾಕಿದರೆ ಸಿಹಿ, ಕೊಡದ ನೀರಿಗೆ ಹಾಕಿದರೆ ಸಪ್ಪೆ. ಹಾಗೆಯೇ ಬೇಕಾದ ಪದ ಗಿಡ್ಡ ಕಾಗದದಲ್ಲಿದ್ದರೆ ಹೆಚ್ಚು ಮಾರ್ಕ್ಸು, ಉದ್ದದ ಕಾಗದದಲ್ಲಿದ್ದರೆ ಕಡಿಮೆ.

“ಹುಚ್ಚೆಳ್ಳು ಅಂತ ಹಾಕಿ. ಜೊತೆಗೆ ಹಾಗಲವಾಡಿ ಒಂದು ಸಾಕು,” ಎಂದ.

ಹತ್ತು ಕಾಗದ ಬಂದವು. ಮೊದಲನೆಯದು ತೊಂಬತ್ತರ ಈಚಿನದು, ಎರಡನೆಯದು ಯಾರೋ ತಂದೆ ಬರೆದದ್ದು. ಉಮಾಮಹೇಶ್ವರಿ ಒಂದೊಂದನ್ನೂ ಮೆಲ್ಲಗೆ ಓದಿದರು. ಹತ್ತೂ ಮುಗಿದವು. ಕದರಮ್ಮ ಚೀಲ ಎತ್ತಿಕೊಂಡರು.

“ಬುಡಿ ತಾಯಿ. ಪಾಪ, ಎಷ್ಟ್ ಅಂತ ಹುಡುಕ್ತೀರಿ. ಬರ್ಸಿರಾಕಿಲ್ಲ ಅವ್ಳು.”

ಕಿರಣ್‌ಕುಮಾರ್ ಬಗ್ಗಿ, ಹುಚ್ಚೆಳ್ಳು ಇರುವ ಕಾಗದ ಒಟ್ಟು ನಲವತ್ತೊಂದು ಇವೆ, ಕೆಳಗಿನ ಈ ಗುರುತು ಒತ್ತಿದರೆ ಮುಂದಿನವು ಬರುತ್ತವೆ ಎಂದ. ಒಂದು ವರ್ಷದಲ್ಲಿ ಉಮಾಮಹೇಶ್ವರಿ ಆ ಗುರುತನ್ನು ಒಂದು ಸಲವೂ ಒತ್ತಿರಲಿಲ್ಲ. ಅದು ಏನೆಂದೇ ಕೇಳಿರಲಿಲ್ಲ. ಈಗ ಕದರಮ್ಮನ ಕೈಯಿಂದ ಚೀಲ ಇಸಿದುಕೊಂಡು ಕೆಳಗಿಟ್ಟು, ಹನ್ನೊಂದನೆಯದರಿಂದ ಓದತೊಡಗಿದರು. ಇಪ್ಪತ್ತು ಆಯಿತು, ಮೂವತ್ತು ಆಯಿತು. ಊಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದುಕೊಂಡು ಕಿಟಕಿಯ ಮುಂದೆ ಹಾದುಹೋದವು. ಮೂವತ್ತೆಂಟನೆಯದನ್ನು ಓದುತ್ತಾ ಎರಡನೆಯ ಸಾಲಿಗೆ ಅವರ ದನಿ ನಿಂತಿತು. ಮತ್ತೆ ಮೊದಲಿಂದ, ಈ ಸಲ ಗಟ್ಟಿಯಾಗಿ ಓದಿದರು.

‘ಬುದ್ಧಿಯವರ ಪಾದಕ್ಕೆ ಹಾಗಲವಾಡಿ ಹತ್ತಿರದ ಪಾಳ್ಯದ ನಂಜಮ್ಮ ಮಾಡುವ ಶರಣು. ಮಗನನ್ನು ಕಳಿಸಿದ್ದೇನೆ. ಜೊತೆಗೆ ಹುಚ್ಚೆಳ್ಳು ಪುಡಿ ಕಳಿಸಿದ್ದೇನೆ, ಮಕ್ಕಳೆಲ್ಲರಿಗೂ ಹಾಕಿಸಿ. ಇದನ್ನು ಕುಟ್ಟಿದವಳು ಇವನ ಅಕ್ಕ. ಇವನಿಗಿಂತ ಅವಳೇ ಚುರುಕು. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ಜಾಗವಾದ ದಿನ ಒಂದು ಕಾಗದ ಹಾಕಿಸಿ, ಬಸ್ಸಿಲ್ಲದಿದ್ದರೆ ನಡೆಸಿಕೊಂಡಾದರೂ ತಂದು ಬಿಡುತ್ತೇನೆ.’

ಕದರಮ್ಮ ಮೇಜಿನ ಮೇಲಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಚುರುಕು ಅಂತ ಬರ್ಸವ್ಳೆ,” ಎಂದರು. “ನನ್ ಮುಂದೆ ಒಂದಿನ ಅಂದೋಳಲ್ಲ. ಯಾವಾಗ್ಲೂ ಮೊದ್ದು ಮೊದ್ದು ಅಂತಿದ್ಲು.” ಸೆರಗಿನಿಂದ ಮುಖ ಒರೆಸಿಕೊಂಡು, “ಇನ್ನೊಂದ್ ಕಿತ ಓದಿ,” ಎಂದರು. ಉಮಾಮಹೇಶ್ವರಿ ಓದಿದರು. ಆಮೇಲೆ ಇನ್ನೊಂದು ಸಲ. ನಾಲ್ಕನೆಯ ಸಲಕ್ಕೆ ಕದರಮ್ಮನೇ ಜೊತೆಯಲ್ಲಿ ಹೇಳುತ್ತಿದ್ದರು.

ಕಿರಣ್‌ಕುಮಾರ್ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಪರದೆಯನ್ನು ದಿಟ್ಟಿಸುತ್ತಿದ್ದ. ಕೇಳಿದ ಎರಡೂ ಪದ ಇವೆ, ನಾಲ್ಕೈದು ಸಾಲಿನ ಗಿಡ್ಡ ಕಾಗದ. ಲೆಕ್ಕದ ಪ್ರಕಾರ ಇದು ಮೊದಲನೆಯದಾಗಿ ಬರಬೇಕಿತ್ತು. ಒಳಗಿನ ಅಂಕಿಗಳನ್ನು ತೆಗೆದು ನೋಡಿದ. ಇದರ ಉದ್ದ ಮುನ್ನೂರ ಅರವತ್ತು ಚಿಲ್ಲರೆ ಪದ ಎಂದು ಯಂತ್ರ ಹೇಳುತ್ತಿತ್ತು.

“ಐವತ್ತೂ ಇಲ್ವಲ್ಲ ಅಮ್ಮ ಇದು?”

ಉಮಾಮಹೇಶ್ವರಿಗೆ ಅವನು ಕೆಳಕ್ಕೆ ಸರಿಸುವ ಮುಂಚೆಯೇ ತಿಳಿದುಹೋಯಿತು. ಖಾಲಿ ಸಾಲುಗಳು ಒಂದೊಂದೇ ಮೇಲೆ ಹೋದವು. ಅವುಗಳ ಕೆಳಗೆ ಸಾಲುಸಾಲಾಗಿ, ಒಂದೂ ತಪ್ಪಿಲ್ಲದೆ, ನೂರೆಂಟು ನಾಮ ನಿಂತಿತ್ತು. ನಂಜಮ್ಮನ ಕಾಗದ ಯಾವುದೋ ಒಂದು ದಿನದ ಮೊದಲ ಕಾಗದವಾಗಿತ್ತು. ಲೋಟದ ಸಕ್ಕರೆಯನ್ನು ಅವರೇ ಕೊಡದ ನೀರಿಗೆ ಹಾಕಿದ್ದರು.

ಅವರು ಅಳಲಿಲ್ಲ. ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತರು. ಒಂಬತ್ತು ವರ್ಷ, ವರ್ಷಕ್ಕೆ ಇನ್ನೂರೈವತ್ತು ಮುನ್ನೂರು ದಿನ. ಅಷ್ಟೂ ಕಾಗದಗಳನ್ನು ತಮ್ಮ ಭಕ್ತಿ ಕೆಳಕ್ಕೆ ತಳ್ಳಿ ಕೂರಿಸಿತ್ತು. ನಡೆದದ್ದನ್ನು ಕದರಮ್ಮನಿಗೆ ಒಂದೂ ಮುಚ್ಚದೆ ಹೇಳಿ, ತಪ್ಪಾಯಿತು ಎಂದರು.

“ಶಿವ ನಮ್ಮವ್ವನ ಕಾಗ್ದದ್ ಮ್ಯಾಲೆ ಕೂತಿದ್ನಾ?” ಎಂದರು ಕದರಮ್ಮ. ಮುಖದಲ್ಲಿ ಆಗಲೇ ನಗು ಬಂದಿತ್ತು. “ಕೂತ್ಕಳ್ಳಿ ಬುಡಿ. ಐವತ್ತೊರ್ಸ ಬೈಕಂಡ್ ತಿರುಗ್ದೋಳಿಗೆ ಮೂರ್ ವಾರ ಏನ್ ಮಹಾ. ಆ ಮುತ್ತನ್ ಮನೆಗೋಗಿ ಏನಂತ ಮಾತಾಡ್ಸ್ಲಿ ಅನ್ನೋದೇ ಈಗ ನಂಗೆ ಯೋಚ್ನೆ.”

ಅಂದು ಕಾಗದದ ನಕಲನ್ನು ಮಡಿಸಿ ಕುಪ್ಪಸದಲ್ಲಿ ಇಟ್ಟುಕೊಂಡು ಹೊರಟವರು, ಬಿದರೆಹಳ್ಳಿಗೆ ಹೋಗದೆ ಗುಬ್ಬಿಯಲ್ಲೇ ಇಳಿದರು ಎಂದು ಆಮೇಲೆ ತಿಳಿಯಿತು. ತಮ್ಮನ ಮನೆಯಲ್ಲಿ ಊಟ ಮಾಡಿದರಂತೆ. ಸಾರಿಗೆ ಉಪ್ಪು ಸಾಲದು ಎಂದು ಜಗಳವೂ ಆಡಿದರಂತೆ.

ಉಮಾಮಹೇಶ್ವರಿ ಡೈರಿಯ ಕೊನೆಯ ಹಾಳೆ ತೆಗೆದರು. ಇನ್ನು ಹತ್ತು ಹೆಸರು. ನಾಮವನ್ನು ಲೆಕ್ಕಕ್ಕೆ ಹಿಡಿಯದೆ ಕಾಗದದ ಉದ್ದವನ್ನಷ್ಟೇ ಅಳೆಯುವಂತೆ ಯಂತ್ರಕ್ಕೆ ಹೇಳಿಕೊಡಲು ಕಿರಣ್‌ಕುಮಾರ್‌ಗೆ ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಅವರು ಆ ಹತ್ತು ಮಂದಿಗೂ ಫೋನ್ ಮಾಡಿ, ಈ ಸಲ ಅವಸರವಿಲ್ಲದೆ, ಅವರವರ ಕಥೆಯನ್ನು ಮೊದಲಿಂದ ಕೇಳಿಸಿಕೊಂಡರು. ಹೆಸರು ಊರುಗಳ ನಡುವೆ ಅಡಗಿದ್ದ ಪದಗಳು ಒಂದೊಂದಾಗಿ ಬಂದವು: ಒಬ್ಬರಿಗೆ ಕುಂಟು ಎತ್ತು, ಒಬ್ಬರಿಗೆ ಅರಿವೆ ಗಿರಣಿ, ಇನ್ನೊಬ್ಬರಿಗೆ ಕಾಮಾಲೆ. ಸೋಮವಾರ ಹುಡುಕಿ ನೋಡಿದರೆ ಹತ್ತರಲ್ಲಿ ನಾಲ್ಕು ಕಾಗದ ಸಿಕ್ಕವು. ಮಿಕ್ಕ ಆರು ನಿಜವಾಗಿಯೂ ಇರಲಿಲ್ಲ. ನಲವತ್ತು ಪುಟ ಒತ್ತಿ ನೋಡಿದ ಮೇಲೆಯೇ ಅವರು ಹಾಗೆಂದು ಒಪ್ಪಿಕೊಂಡದ್ದು.

ಗುರುವಾರ ಕಿರಣ್‌ಕುಮಾರ್ ಬಂದಾಗ ಮೇಜಿನ ಮೇಲೆ ಒಂದು ಹೊಸ ನೋಟ್‌ಬುಕ್ಕು ಇತ್ತು, ಪೆನ್ನೂ ಇತ್ತು. ಅಂದಿನ ನೂರೆಂಟು ಆಗಲೇ ಅದರಲ್ಲಿ ಮುಗಿದಿತ್ತು. ಅವನು ಹುಚ್ಚೆಳ್ಳು, ಹಾಗಲವಾಡಿ ಎಂದು ಹಾಕಿ ತೋರಿಸಿದ. ನಂಜಮ್ಮನ ಕಾಗದ ಎಲ್ಲಕ್ಕಿಂತ ಮೇಲೆ ಬಂದು ನಿಂತಿತು. ಉಮಾಮಹೇಶ್ವರಿ ಅದನ್ನು ನೋಡಿ ಕೈ ಮುಗಿದರು.

ಡಬ್ಬಿಯಲ್ಲಿ ಉಳಿದಿದ್ದ ಪುಡಿಯನ್ನು ಅವನ ಕೈಗೆ ಒಂದಿಷ್ಟು ಹಾಕಿಕೊಟ್ಟರು. ಅವನು ಬಾಯಿಗೆ ಹಾಕಿಕೊಳ್ಳುತ್ತಾ, ಇನ್ನೂ ಒಂದು ಕೆಲಸ ಉಳಿದಿದೆ ಎಂದ. ಯಂತ್ರ ನಾಮವನ್ನು ಎಣಿಸುವುದಿಲ್ಲ, ಸರಿ. ಆದರೆ ಎರಡು ಸಾವಿರದ ನಾನೂರು ಕಾಗದಗಳ ಕೆಳಗೆ ಅದು ಹಾಗೇ ಇದೆ.

“ಒಂದು ಸಾಲು ಪ್ರೋಗ್ರಾಂ ಬರೆದ್ರೆ ಎರಡೇ ನಿಮಿಷ ಅಮ್ಮ, ಎಲ್ಲಾ ಒಟ್ಟಿಗೆ ಹೋಗ್ಬಿಡುತ್ತೆ. ಈಗ್ಲೇ ಮಾಡ್ಕೊಟ್ಬಿಡ್ಲಾ?”

“ಬೇಡ ಕಣಪ್ಪ,” ಎಂದರು ಉಮಾಮಹೇಶ್ವರಿ. “ಯಾರಿಗೂ ಈಗ ಅದು ಅಡ್ಡ ಇಲ್ಲ ಅಂತ ನೀನೇ ಹೇಳ್ದೆ. ದಿನಕ್ಕೊಂದು ನಾನೇ ತೆಗೀತೀನಿ. ತೆಗೆಯೋವಾಗ ಆ ಕಾಗದಾನೂ ಒಂದ್ಸಲ ಓದ್ದಂಗಾಗುತ್ತೆ.”

ಅವನು ಬೆರಳಲ್ಲಿ ಲೆಕ್ಕ ಹಾಕಿದ. “ಎಂಟೊಂಬತ್ತು ವರ್ಷ ಹಿಡಿಯುತ್ತೆ.”

“ಹಾಕೋಕೂ ಅಷ್ಟೇ ಹಿಡೀತು,” ಎನ್ನುತ್ತಾ ಅವರು ಮೊಟ್ಟಮೊದಲ ದಿನದ ಕಾಗದವನ್ನು ತೆರೆದು, ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು.